ಜ್ವಾಳ ಅಂದರೆ ಜೋಳ ಬರೆಯುವ ಕಂಪ್ಯೂಟರ್

ಪ್ರಶ್ನೆ: ನಾನು ಕುಷ್ಟಗಿ ತಾಲ್ಲೂಕಿನವಳು, ನಿವೃತ್ತ ಶಿಕ್ಷಕಿ. ನಮ್ಮವ್ವ, ನಮ್ಮತ್ತೆ, ಓಣಿಯ ಹೆಣ್ಣುಮಕ್ಕಳು ಹಾಡುತ್ತಿದ್ದ ಬೀಸುವ ಪದ, ಸೋಬಾನೆ ಪದಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಪುಸ್ತಕ ಮಾಡುವ ಆಸೆ. ಬೆರಳು ನೋವಿರುವುದರಿಂದ ಟೈಪ್ ಮಾಡಲು ಆಗುವುದಿಲ್ಲ. ಮಗ ಮನೆಯ ಡೆಸ್ಕ್‌ಟಾಪ್‌ನಲ್ಲಿ ಗೂಗಲ್ ಡಾಕ್ಸ್‌ನ ವಾಯ್ಸ್ ಟೈಪಿಂಗ್ (ಬಾಯಲ್ಲಿ ಹೇಳಿದ್ದನ್ನು ಅಕ್ಷರ ಮಾಡುವುದು) ತೋರಿಸಿಕೊಟ್ಟಿದ್ದಾನೆ. ವಿಂಡೋಸ್ 10 ಇದೆ, ನೆಟ್ ಫೋನಿನ ಹಾಟ್‌ಸ್ಪಾಟ್‌ನಿಂದ. ಫೋನಿನ ಇಯರ್‌ಫೋನ್ ಸಿಕ್ಕಿಸಿಕೊಂಡು ಹೇಳುತ್ತೇನೆ. ಮುಂಜಾನೆ ಪರವಾಗಿಲ್ಲ, ಮಧ್ಯಾಹ್ನ ಏನೇನೋ ಬರುತ್ತದೆ. ನಡುನಡುವೆ ಮೈಕ್ ತಾನೇ ಬಂದ್ ಆಗುತ್ತದೆ. ಜ್ವಾಳ ಅಂದರೆ ಜೋಳ ಅಂತ ಬರೆಯುತ್ತದೆ, ದೋಟಿಹಾಳ ಅಂತ ಊರಿನ ಹೆಸರು ಹೇಳಿದರೆ ಏನೋ ಬರುತ್ತದೆ. ಪ್ರೆಸ್ಸಿಗೆ ಪೆನ್‌ಡ್ರೈವ್ ಕೊಟ್ಟರೆ ಅಕ್ಷರದ ಬದಲು ಬರೀ ಡಬ್ಬಿ ಕಾಣುತ್ತವೆ ಅಂದರು. ಕಂಪ್ಯೂಟರ್ ಅಂಗಡಿಯವರು ‘ನಿಮ್ಮ ಉಚ್ಚಾರ ಸ್ಪಷ್ಟ ಇಲ್ಲ, ಬೆಂಗಳೂರಿನವರ ಹಾಗೆ ಮಾತಾಡಿ’ ಎಂದರು. ನನ್ನ ಮಾತೇ ಸರಿಯಿಲ್ಲವೇ?

ಉತ್ತರ: ಅಕ್ಕೋರೇ, ಮೊದಲು ನಿಮ್ಮ ಕೊನೆಯ ಸಾಲಿಗೇ ಉತ್ತರ ಹೇಳುತ್ತೇನೆ. ನಿಮ್ಮ ಮಾತು ಸರಿಯಾಗಿದೆ. ಅದಕ್ಕೆ ಸಾಕ್ಷಿ ನಿಮ್ಮ ಪತ್ರದಲ್ಲೇ ಇದೆ. ಮುಂಜಾನೆ ಸರಿ ಬರುತ್ತದೆ, ಮಧ್ಯಾಹ್ನ ಕೆಡುತ್ತದೆ ಅಂತ ಬರೆದಿದ್ದೀರಿ. ಊಟ ಮಾಡಿ ಬರುವಷ್ಟರಲ್ಲಿ ಯಾರ ಉಚ್ಚಾರವೂ ಬದಲಾಗುವುದಿಲ್ಲ, ಅಲ್ವಾ? ಬದಲಾಗುವುದು ಕೋಣೆ. ಕೋಣೆಯಲ್ಲಿ ಮಧ್ಯಾಹ್ನ ಏನು ಶುರುವಾಗುತ್ತದೆ ನೋಡಿ. ನಮ್ಮ ಕಡೆ ಬೇಸಿಗೆಯಲ್ಲಿ ಏರ್ ಕೂಲರ್ ಹಚ್ಚದೆ ಮಧ್ಯಾಹ್ನ ಕೂರಲು ಆಗುತ್ತದೆಯೇ? ಆ ಕೂಲರ್ ಸದ್ದು, ಮೇಲೆ ಫ್ಯಾನಿನ ಗಾಳಿ, ಎರಡೂ ನಿಮ್ಮ ಮಾತಿನ ಜೊತೆ ಸೇರಿ ಒಳಗೆ ಹೋಗುತ್ತಿವೆ.

ಮಾತು ಅಕ್ಷರ ಆಗುವ ತನಕ ಒಂದು ದಾರಿ ಇದೆ. ನಿಮ್ಮ ಬಾಯಿಂದ ಮೈಕ್, ಮೈಕ್‌ನಿಂದ ವಿಂಡೋಸ್, ಅಲ್ಲಿಂದ ಕ್ರೋಮ್, ಅಲ್ಲಿಂದ ನೆಟ್ ಹಿಡಿದು ಗೂಗಲ್‌ನ ಸರ್ವರ್. ಅಕ್ಷರಗಳು ತಯಾರಾಗುವುದು ಅಲ್ಲಿ, ನಿಮ್ಮ ಮನೆಯ ಕಂಪ್ಯೂಟರಿನಲ್ಲಿ ಅಲ್ಲ. ಕೆಟ್ಟಿದ್ದು ಎಲ್ಲಿ ಅಂತ ಗೊತ್ತಾಗದೆ ಸೆಟ್ಟಿಂಗ್ಸ್ ಎಲ್ಲ ಒತ್ತುತ್ತಾ ಹೋದರೆ ಸರಿ ಇದ್ದದ್ದೂ ಕೆಡುತ್ತದೆ. ಆದ್ದರಿಂದ ಮೊದಲು ಎರಡು ಪರೀಕ್ಷೆ ಮಾಡಿ.

ಒಂದನೆಯದು ಫೋನಿನದು. ಅದೇ ಕೋಣೆ, ಅದೇ ನೆಟ್. ಫೋನಿನ ಕೀಬೋರ್ಡ್‌ನಲ್ಲಿ ಕನ್ನಡ ಇಟ್ಟು, ಮೈಕ್ ಗುರುತು ಒತ್ತಿ, ನೋಟ್‌ಬುಕ್ಕಿನ ಐದು ಸಾಲು ಗದ್ಯ ಓದಿ. ಫೋನಿನಲ್ಲಿ ಚೆನ್ನಾಗಿ ಬಂದರೆ ನಿಮ್ಮ ಧ್ವನಿಯೂ ಸರಿ, ನೆಟ್ಟೂ ಸರಿ. ತಪ್ಪು ಕಂಪ್ಯೂಟರಿನ ಕಡೆ, ಹೆಚ್ಚಾಗಿ ಅದರ ಮೈಕ್‌ನಲ್ಲೇ ಇರಬೇಕು.

ಎರಡನೆಯದು ಇನ್ನೂ ಮುಖ್ಯ. ನಿಮ್ಮ ಧ್ವನಿಯನ್ನು ಕಂಪ್ಯೂಟರಿನಲ್ಲೇ ರೆಕಾರ್ಡ್ ಮಾಡಿ ಕೇಳಿ. ವಿಂಡೋಸ್ 10ರಲ್ಲಿ ವಾಯ್ಸ್ ರೆಕಾರ್ಡರ್ ಅಂತ ಇರುತ್ತದೆ, ಸ್ಟಾರ್ಟ್ ಒತ್ತಿ ಹುಡುಕಿದರೆ ಸಿಗುತ್ತದೆ. ಮುಂಜಾನೆ ಒಮ್ಮೆ, ಮಧ್ಯಾಹ್ನ ಕೂಲರ್ ಹಚ್ಚಿ ಒಮ್ಮೆ, ಅದೇ ಐದು ಸಾಲು ಓದಿ. ಆಮೇಲೆ ಕಣ್ಣು ಮುಚ್ಚಿ ಕೇಳಿ. ನಿಮಗೇ ಒಂದು ಪದ ತಿಳಿಯದಿದ್ದರೆ ಯಂತ್ರಕ್ಕೆ ಹೇಗೆ ತಿಳಿಯಬೇಕು? ನನ್ನ ಹತ್ತಿರ ಬರುವವರಿಗೆಲ್ಲ ನಾನು ಮೊದಲು ಮಾಡಿಸುವುದು ಇದನ್ನೇ. ಅರ್ಧ ಜನಕ್ಕೆ ಅಲ್ಲೇ ಕಾರಣ ಗೊತ್ತಾಗಿಬಿಡುತ್ತದೆ.

ನಿಮ್ಮ ವಿಷಯದಲ್ಲಿ ನನಗೊಂದು ಗಟ್ಟಿ ಅನುಮಾನ ಇದೆ. ಫೋನಿನ ಇಯರ್‌ಫೋನನ್ನು ಡೆಸ್ಕ್‌ಟಾಪ್‌ಗೆ ಸಿಕ್ಕಿಸಿದ್ದೀರಿ. ಆ ಇಯರ್‌ಫೋನಿನ ಪಿನ್ ನೋಡಿ, ಮೂರು ಗೆರೆ ಇರುತ್ತವೆ. ಅಂದರೆ ನಾಲ್ಕು ಭಾಗ: ಎಡಕಿವಿ, ಬಲಕಿವಿ, ಅರ್ಥ್ (ಉಳಿದ ಮೂರಕ್ಕೂ ಸೇರಿದ ತಂತಿ), ಮೈಕ್. ಡೆಸ್ಕ್‌ಟಾಪ್‌ನಲ್ಲಿ ಸಾಮಾನ್ಯವಾಗಿ ಎರಡು ಬೇರೆ ಬೇರೆ ತೂತು ಇರುತ್ತವೆ. ಹಸಿರು ಕೇಳುವುದಕ್ಕೆ, ಗುಲಾಬಿ ಮೈಕ್‌ಗೆ. ಆ ತೂತುಗಳು ಎರಡು ಗೆರೆಯ ಪಿನ್‌ಗಾಗಿ ಮಾಡಿದವು. ಮೂರು ಗೆರೆಯ ಪಿನ್ನನ್ನು ಹಸಿರಿಗೆ ಹಾಕಿದರೆ ಕಿವಿಗೆ ಕೇಳುತ್ತದೆ, ಮೈಕ್ ಸತ್ತಂತೆ. ಗುಲಾಬಿಗೆ ಹಾಕಿದರೂ ಮೈಕ್‌ನ ತಂತಿ ಮುಟ್ಟಬೇಕಾದ ಜಾಗಕ್ಕೆ ಮುಟ್ಟುವುದಿಲ್ಲ.

ಹಾಗಾದರೆ ಮುಂಜಾನೆ ಅಕ್ಷರ ಹೇಗೆ ಬರುತ್ತವೆ? ವಿಡಿಯೋ ಕಾಲ್‌ಗೆಂದು ಮಾನಿಟರ್ ಮೇಲೆ ವೆಬ್‌ಕ್ಯಾಮ್ ಇಟ್ಟಿದ್ದಾರಾ ನೋಡಿ. ಬಹಳಷ್ಟು ವೆಬ್‌ಕ್ಯಾಮ್‌ಗಳ ಒಳಗೇ ಮೈಕ್ ಇರುತ್ತದೆ. ನೀವು ಇಯರ್‌ಫೋನಿಗೆ ಮಾತಾಡುತ್ತಿದ್ದೀರಿ ಅಂದುಕೊಂಡಿದ್ದೀರಿ. ಕಂಪ್ಯೂಟರ್ ಕೇಳುತ್ತಿರುವುದು ಮೂರು ಅಡಿ ದೂರದ ವೆಬ್‌ಕ್ಯಾಮ್‌ನಿಂದ! ಮುಂಜಾನೆ ಮನೆ ಶಾಂತವಾಗಿರುತ್ತದೆ, ಅಷ್ಟು ದೂರದಿಂದಲೂ ಹೇಗೋ ಕೇಳುತ್ತದೆ. ಮಧ್ಯಾಹ್ನ ಕೂಲರ್ ಗೆಲ್ಲುತ್ತದೆ.

ಇದು ಹೌದೋ ಅಲ್ಲವೋ ತಿಳಿಯುವುದು ಸುಲಭ. ಕೆಳಗೆ ಗಡಿಯಾರದ ಹತ್ತಿರದ ಸ್ಪೀಕರ್ ಗುರುತಿನ ಮೇಲೆ ಮೌಸ್‌ನ ಬಲಗುಂಡಿ ಒತ್ತಿ. ಓಪನ್ ಸೌಂಡ್ ಸೆಟ್ಟಿಂಗ್ಸ್ ತೆಗೆದು ಇನ್‌ಪುಟ್ ಎಂಬ ಭಾಗಕ್ಕೆ ಬನ್ನಿ. ಅಲ್ಲಿ ಯಾವ ಮೈಕ್ ಆರಿಸಿದೆ ಅಂತ ಹೆಸರು ಇರುತ್ತದೆ. ಅದರ ಕೆಳಗೆ ಸದ್ದಿಗೆ ತಕ್ಕಂತೆ ಕುಣಿಯುವ ಒಂದು ನೀಲಿ ಪಟ್ಟಿ. ಈಗ ಇಯರ್‌ಫೋನಿನ ಮೈಕನ್ನು ಉಗುರಿನಿಂದ ಮೆಲ್ಲಗೆ ತಟ್ಟಿ. ಆಮೇಲೆ ವೆಬ್‌ಕ್ಯಾಮನ್ನು ತಟ್ಟಿ. ಯಾವುದನ್ನು ತಟ್ಟಿದಾಗ ಪಟ್ಟಿ ಜೋರಾಗಿ ಹಾರುತ್ತದೋ ಅದೇ ಕೇಳುತ್ತಿರುವ ಮೈಕ್.

ನನ್ನ ಅನುಮಾನ ನಿಜವಾದರೆ ಎರಡು ದಾರಿ ಇವೆ. ಇಯರ್‌ಫೋನಿನ ಒಂದು ಪಿನ್ನನ್ನು ಎರಡಾಗಿ ಒಡೆಯುವ ಸ್ಪ್ಲಿಟರ್ ವೈರ್ ಮೊಬೈಲ್ ಅಂಗಡಿಯಲ್ಲಿ ಸಿಗುತ್ತದೆ. ಮೈಕ್‌ಗೊಂದು, ಕಿವಿಗೊಂದು ಪಿನ್ ಇರುವುದನ್ನೇ ಕೇಳಿ. ಎರಡು ಇಯರ್‌ಫೋನ್ ಹಾಕುವ ಸ್ಪ್ಲಿಟರ್ ಬೇರೆ, ಅದು ಉಪಯೋಗಕ್ಕೆ ಬರುವುದಿಲ್ಲ. ಇನ್ನೊಂದು ದಾರಿ, ನಾನು ಹೆಚ್ಚು ಮೆಚ್ಚುವುದು, ವೈರ್ ಇರುವ ಯುಎಸ್‌ಬಿ ಹೆಡ್‌ಸೆಟ್. ಸಿಕ್ಕಿಸಿದರೆ ಸಾಕು, ಇನ್‌ಪುಟ್ ಪಟ್ಟಿಯಲ್ಲಿ ಅದರ ಹೆಸರು ಬರುತ್ತದೆ. ಅದನ್ನು ಆರಿಸಿ. ಮೈಕ್ ಬಾಯಿಯ ಪಕ್ಕಕ್ಕೆ ಎರಡು ಮೂರು ಬೆರಳು ದೂರದಲ್ಲಿರಲಿ. ಬಾಯಿಯ ಎದುರಿಗೇ ಬೇಡ, ಉಸಿರು ಬಡಿದು ‘ಪ’, ‘ಭ’ ಬಂದಾಗಲೆಲ್ಲ ಡಬ್ ಅಂತ ಸದ್ದಾಗುತ್ತದೆ.

ದೂರದ ಲೆಕ್ಕ ಕೇಳಿದರೆ ಆಶ್ಚರ್ಯ ಆಗುತ್ತದೆ. ಮೈಕ್‌ಗೂ ಬಾಯಿಗೂ ನಡುವಿನ ದೂರ ಅರ್ಧ ಆದರೆ ಮೈಕ್‌ಗೆ ನೇರವಾಗಿ ತಲುಪುವ ಮಾತಿನ ಶಕ್ತಿ ನಾಲ್ಕು ಪಟ್ಟು ಆಗುತ್ತದೆ. ಕೂಲರ್ ಸದ್ದು ಮಾತ್ರ ಇದ್ದಷ್ಟೇ ಇರುತ್ತದೆ. ಮೂರು ಅಡಿಯಿಂದ ಮೂರು ಇಂಚಿಗೆ ಬಂದರೆ ಎಷ್ಟಾಯಿತು ನೀವೇ ಲೆಕ್ಕ ಹಾಕಿ. ಹೀಗಾಗಿ ಕೂಲರ್ ಬಂದ್ ಮಾಡಿ ಬೆವರುತ್ತಾ ಕೂರಬೇಕಾಗಿಲ್ಲ. ಅದರ ಗಾಳಿ ನೇರವಾಗಿ ಮೈಕ್‌ಗೆ ಬಡಿಯದಂತೆ ಬೆನ್ನ ಹಿಂದೆ ಇಟ್ಟುಕೊಂಡರೆ ಸಾಕು.

ದುಡ್ಡು ಜಾಸ್ತಿ ಕೊಟ್ಟು ಬ್ಲೂಟೂತ್ ಹೆಡ್‌ಸೆಟ್ ತರಿಸಬೇಡಿ. ನಾನೂ ಒಮ್ಮೆ ಒಳ್ಳೆಯದೇ ಇರಲಿ ಅಂತ ತರಿಸಿದ್ದೆ. ಹಾಡು ಕೇಳಲು ಬಹಳ ಚೆಂದ. ಮಾತಾಡಲು ಮೈಕ್ ಚಾಲೂ ಮಾಡಿದ ಕೂಡಲೇ ಧ್ವನಿ ಹಳೆಯ ಟೆಲಿಫೋನಿನ ಹಾಗಾಯಿತು. ಕಾರಣ ಇದೆ. ಸಾಮಾನ್ಯ ಬ್ಲೂಟೂತ್‌ನಲ್ಲಿ ಮೈಕ್ ಚಾಲೂ ಆದರೆ ಅದು ಕರೆ ಮಾಡುವ ರೀತಿಗೆ ಇಳಿಯುತ್ತದೆ. ಆಗ ಸೆಕೆಂಡಿಗೆ ಧ್ವನಿಯ 8,000 ಅಥವಾ 16,000 ಮಾದರಿಗಳಷ್ಟೇ (ಕ್ಷಣಕ್ಷಣದ ಅಳತೆಗಳು) ಹೋಗುತ್ತವೆ, ಅವೂ ಬಿಗಿಯಾಗಿ ಹಿಂಡಿದವು. 8,000ಕ್ಕೆ ಇಳಿದರಂತೂ ‘ಸ’, ‘ಶ’, ‘ಫ’ ಒಂದಕ್ಕೊಂದು ಹೋಲುತ್ತವೆ. ಮನುಷ್ಯರು ಅರ್ಥ ಹಿಡಿದು ಸರಿಮಾಡಿಕೊಳ್ಳುತ್ತಾರೆ, ಯಂತ್ರ ತಪ್ಪು ಬರೆಯುತ್ತದೆ.

ರೆಕಾರ್ಡಿಂಗ್ ಕೇಳುವಾಗ ಮಾತಿನ ಹಿಂದೆ ಒಂದೇ ಸಮ ‘ಗುಂಯ್’ ಅಂತ ಕೇಳಿದರೆ ಅದು ಕರೆಂಟಿನ ಸದ್ದು. ಪ್ಲಗ್ಗಿಗೆ ಅರ್ಥಿಂಗ್ ಸರಿ ಇಲ್ಲದ ಮನೆಗಳಲ್ಲಿ ಇದು ಸಾಮಾನ್ಯ. ಯುಎಸ್‌ಬಿ ಹೆಡ್‌ಸೆಟ್ ಹಾಕಿದರೆ ಇದೂ ಬಹುಮಟ್ಟಿಗೆ ಹೋಗುತ್ತದೆ. ಅರ್ಥಿಂಗ್ ಮಾತ್ರ ಹೇಗಿದ್ದರೂ ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ, ಅದು ಜೀವದ ಪ್ರಶ್ನೆ. ಮಾತು ಬಾವಿಯೊಳಗಿಂದ ಬಂದ ಹಾಗೆ ಕೇಳಿದರೆ ಅದು ಕೋಣೆಯ ಪ್ರತಿಧ್ವನಿ. ಬಂಡೆ ಹಾಸಿದ ನೆಲ, ಸಿಮೆಂಟ್ ಗೋಡೆ, ಖಾಲಿ ಕೋಣೆ ಇದ್ದರೆ ಹೀಗಾಗುತ್ತದೆ. ಮನೆಯಲ್ಲಿ ಹಳೆಯ ಕೌದಿ ಇರಬೇಕಲ್ಲ, ಎರಡು ಕೌದಿ ಬೆನ್ನ ಹಿಂದಿನ ಗೋಡೆಗೆ ಇಳಿಬಿಡಿ. ಅದಕ್ಕಿಂತ ಒಳ್ಳೆಯ ಉಪಾಯ ಈ ಬೆಲೆಗೆ ಇಲ್ಲ.

ಮೈಕ್ ಏನನ್ನೂ ಕೇಳಿಸಿಕೊಳ್ಳದಿದ್ದರೆ ಮಾತ್ರ ಅನುಮತಿ ನೋಡಿ. ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ, ಅದರೊಳಗೆ ಮೈಕ್ರೋಫೋನ್. ಆ ಪುಟದ ಕೆಳಗೆ ಡೆಸ್ಕ್‌ಟಾಪ್ ಆ್ಯಪ್‌ಗಳಿಗೆ ಬೇರೆಯೇ ಒಂದು ಸ್ವಿಚ್ ಇರುತ್ತದೆ, ಅದೂ ಆನ್ ಇರಬೇಕು. ಕ್ರೋಮ್‌ನಲ್ಲಿ ವಿಳಾಸದ ಎಡಕ್ಕಿರುವ ಗುರುತು ಒತ್ತಿದರೆ ಡಾಕ್ಸ್‌ಗೆ ಮೈಕ್ ಅನುಮತಿ ಕೊಟ್ಟಿದೆಯೋ ಇಲ್ಲವೋ ಕಾಣುತ್ತದೆ. ನಿಮಗೆ ಅಕ್ಷರ ಬರುತ್ತಿರುವುದರಿಂದ ಇದು ನಿಮ್ಮ ತೊಂದರೆ ಅಲ್ಲ.

ಇನ್ನು ಮೈಕ್ ತಾನೇ ಬಂದ್ ಆಗುವ ವಿಷಯ. ನೋಟ್‌ಬುಕ್ಕಿನ ಫೋಟೋ ತೆಗೆದು ಇನ್ನೊಂದು ಟ್ಯಾಬ್‌ನಲ್ಲಿ ತೆರೆದು ನೋಡುತ್ತೀರಾ? ಡಾಕ್ಸ್ ಬಿಟ್ಟು ಬೇರೆ ಟ್ಯಾಬ್‌ಗೆ ಹೋದ ಕೂಡಲೇ ಮೈಕ್ ಆರಿಹೋಗುತ್ತದೆ. ನೋಟ್‌ಬುಕ್ಕನ್ನೇ ಎದುರಿಗೆ ಇಟ್ಟುಕೊಳ್ಳಿ. ಬಹಳ ಹೊತ್ತು ಸುಮ್ನೆ ಇದ್ದರೂ ಅದು ನಿಲ್ಲುತ್ತದೆ. ಹಾಗಾಗಿ ಮೈಕ್ ಹಚ್ಚಿಟ್ಟುಕೊಂಡು ಯೋಚಿಸಬೇಡಿ. ಮೊದಲು ವಾಕ್ಯ ಮನಸ್ಸಿನಲ್ಲಿ ಕೂಡಿಸಿಕೊಳ್ಳಿ, ಆಮೇಲೆ ಕಂಟ್ರೋಲ್, ಶಿಫ್ಟ್, ಎಸ್ ಒತ್ತಿ ಹೇಳಿ, ಮತ್ತೆ ಒತ್ತಿ ನಿಲ್ಲಿಸಿ. ಮೂರು ಕೀ ಒಟ್ಟಿಗೆ ಒತ್ತುವುದು ಬೆರಳಿಗೆ ಕಷ್ಟ ಆದರೆ ಪರದೆಯ ಮೈಕ್ ಚಿತ್ರವನ್ನೇ ಮೌಸ್‌ನಿಂದ ಒತ್ತಬಹುದು.

ನೆಟ್‌ನಿಂದಲೂ ಮಾತು ನಡುವೆ ನುಂಗಿಹೋಗುತ್ತದೆ. ಇದಕ್ಕೆ ಬಹಳ ವೇಗ ಬೇಕು ಅಂತ ಜನ ಪ್ಲಾನ್ ಬದಲಿಸುತ್ತಾರೆ, ಅದು ಬೇಡ. ಸೆಕೆಂಡಿಗೆ 16,000 ಮಾದರಿ, ಒಂದಕ್ಕೆ 16 ಬಿಟ್ ಅಂದರೂ ಹಿಂಡದ ಮಾತು ಸೆಕೆಂಡಿಗೆ 256 ಕಿಲೋಬಿಟ್ ಅಷ್ಟೇ. ಬೇಕಾಗಿರುವುದು ಕಡಿಯದ ನೆಟ್. ಹಾಟ್‌ಸ್ಪಾಟ್ ಫೋನನ್ನು ಕಿಟಕಿಯ ಹತ್ತಿರ, ಸಿಗ್ನಲ್ ಗಟ್ಟಿ ಇರುವಲ್ಲಿ ಇಡಿ. ಸಾಧ್ಯವಾದರೆ ಯುಎಸ್‌ಬಿ ಕೇಬಲ್‌ನಿಂದಲೇ ಕಂಪ್ಯೂಟರಿಗೆ ಜೋಡಿಸಿ ನೆಟ್ ಕೊಡಿ.

ಅಕ್ಕೋರೇ, ಈಗ ನಿಮ್ಮ ವೃತ್ತಿಗೆ ಸಂಬಂಧಿಸಿದ ಒಂದು ಮಾತು. ಶಾಲೆಯಲ್ಲಿ ಉಕ್ತಲೇಖನ ಹೇಳುವಾಗ ನೀವು ಒಂದೊಂದೇ ಪದವನ್ನು ಬಿಡಿಸಿ, ಒತ್ತಿ, ಎರಡು ಸಲ ಹೇಳುತ್ತಿದ್ದಿರಿ. ಮಕ್ಕಳಿಗೆ ಅದು ಬೇಕು. ಈ ಯಂತ್ರಕ್ಕೆ ಅದೇ ತೊಡಕು. ಅದು ಒಂದು ಪದವನ್ನು ಹಿಂದಿನ ಮುಂದಿನ ಪದಗಳ ಜೊತೆ ಇಟ್ಟು ಊಹಿಸುತ್ತದೆ. ‘ಕಾಲು’ ಅಂತ ಒಂದನ್ನೇ ಹೇಳಿದರೆ ಅದು ‘ಕಾಳು’ ಆಗಬಹುದು. ‘ಮಳೆಯಲ್ಲಿ ನಡೆದು ಕಾಲು ನೋಯುತ್ತಿದೆ’ ಅಂತ ಒಂದೇ ಉಸಿರಿಗೆ ಹೇಳಿದರೆ ತಪ್ಪುವ ಸಂಭವ ಕಡಿಮೆ. ಪಕ್ಕದ ಮನೆಯವರ ಜೊತೆ ಮಾತಾಡುವ ವೇಗದಲ್ಲಿ, ಇಡೀ ವಾಕ್ಯವನ್ನು ಒಟ್ಟಿಗೆ ಹೇಳಿ. ತಪ್ಪು ಬಂದರೂ ನಡುವೆ ನಿಲ್ಲಬೇಡಿ, ಪುಟ ಮುಗಿದ ಮೇಲೆ ತಿದ್ದಿ. ಪೂರ್ಣವಿರಾಮವನ್ನು ಕನ್ನಡದಲ್ಲಿ ಹೇಳಿ ಹಾಕಿಸಲು ಹೋಗದೆ ಕೀಬೋರ್ಡಿನಿಂದಲೇ ಹಾಕಿ. ಮೈಕ್ ಚಾಲೂ ಇದ್ದಾಗಲೂ ಹಾಕಬಹುದು. ಇಸವಿ, ಅಂಕಿಗಳನ್ನೂ ಕೈಯಿಂದಲೇ ಹಾಕಿದರೆ ಎಲ್ಲೆಡೆ ಒಂದೇ ರೀತಿ ಇರುತ್ತದೆ.

ಊರಿನ ಹೆಸರುಗಳಿಗೆ ನಾನು ಮಾಡುವ ಒಂದು ಉಪಾಯ ಹೇಳುತ್ತೇನೆ. ದೋಟಿಹಾಳ, ತಾವರಗೇರಾ ಇಂಥ ಹೆಸರು ಯಂತ್ರಕ್ಕೆ ಅಪರೂಪ. ಅದು ತನಗೆ ಗೊತ್ತಿರುವ ಪದಕ್ಕೆ ಎಳೆಯುತ್ತದೆ. ಆದ್ದರಿಂದ ನಿಮ್ಮ ಪುಸ್ತಕದಲ್ಲಿ ಎಲ್ಲೂ ಬರದ, ಯಂತ್ರ ತಪ್ಪದೆ ಬರೆಯುವ ಒಂದು ಪದವನ್ನು ಆ ಊರಿನ ಬದಲು ಹೇಳಿ. ಆದರೆ ಕನ್ನಡದಲ್ಲಿ ವಿಭಕ್ತಿ ಅಂಟುತ್ತದಲ್ಲ, ಅದಕ್ಕೆ ಕೊನೆಯ ಸ್ವರ ಒಂದೇ ಇರುವ ಪದ ಬೇಕು. ದೋಟಿಹಾಳಕ್ಕೆ ‘ವಿಮಾನ’ ಇಟ್ಟುಕೊಳ್ಳಿ. ವಿಮಾನದಲ್ಲಿ, ವಿಮಾನಕ್ಕೆ, ವಿಮಾನದ ಅಂತ ಹೇಳುತ್ತಾ ಹೋಗಿ. ಕೊನೆಗೆ ಕಂಟ್ರೋಲ್ ಎಚ್ ಒತ್ತಿ, ‘ವಿಮಾನ’ ಇದ್ದಲ್ಲೆಲ್ಲ ‘ದೋಟಿಹಾಳ’ ಹಾಕು ಅಂದರೆ ದೋಟಿಹಾಳದಲ್ಲಿ, ದೋಟಿಹಾಳಕ್ಕೆ, ದೋಟಿಹಾಳದ ಅಂತ ಎಲ್ಲವೂ ಸರಿಯಾಗಿ ಕೂರುತ್ತವೆ. ತಾವರಗೇರಾಕ್ಕೆ ‘ಕ್ಯಾಮೆರಾ’ ಹೊಂದುತ್ತದೆ. ‘ಇ’ಯಲ್ಲಿ ಮುಗಿಯುವ ಹೆಸರುಗಳಿಗೆ ‘ಇಡ್ಲಿ’ ಸಾಕು. ಯಾವ ಊರಿಗೆ ಯಾವ ಪದ ಅಂತ ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆದಿಟ್ಟುಕೊಳ್ಳಿ.

ಇನ್ನು ಜ್ವಾಳದ ಮಾತು. ಇದನ್ನು ನಿಧಾನವಾಗಿ ಓದಿ, ಯಾಕಂದರೆ ನಿಮ್ಮ ಪುಸ್ತಕದ ಜೀವ ಇರುವುದು ಇಲ್ಲಿ. ಯಂತ್ರವನ್ನು ತಯಾರು ಮಾಡುವಾಗ ಅದಕ್ಕೆ ಹೆಚ್ಚಾಗಿ ಸಿಕ್ಕಿರುವುದು ಬರಹದ ಕನ್ನಡ. ನಾವು ಜ್ವಾಳ, ಮ್ಯಾಲ, ತ್ವಾಟ, ಬ್ಯಾಸಗಿ ಅನ್ನುತ್ತೇವೆ. ಅದು ಜೋಳ, ಮೇಲೆ, ತೋಟ, ಬೇಸಿಗೆ ಅಂತ ಬರೆಯುತ್ತದೆ. ಬರೆದದ್ದು ನೋಡಲು ಸರಿಯಾಗಿಯೇ ಕಾಣುತ್ತದೆ. ಅದೇ ಅಪಾಯ. ಅಸಂಬದ್ಧ ಅಕ್ಷರ ಬಂದರೆ ಕಣ್ಣಿಗೆ ಬೀಳುತ್ತದೆ, ತಿದ್ದುತ್ತೀರಿ. ‘ಜೋಳ’ ಕಣ್ಣಿಗೆ ಬೀಳುವುದೇ ಇಲ್ಲ. ನೂರು ಹಾಡು ಮುಗಿಯುವಷ್ಟರಲ್ಲಿ ನಿಮ್ಮವ್ವನ ಮಾತು ಹೋಗಿ ಪಠ್ಯಪುಸ್ತಕದ ಮಾತು ಕೂತಿರುತ್ತದೆ. ಪ್ರಾಸ ತಪ್ಪುತ್ತದೆ, ಬೀಸುವ ಲಯವೂ ತಪ್ಪುತ್ತದೆ.

ಆದ್ದರಿಂದ ನನ್ನ ಸಲಹೆ ಖಚಿತ. ಬೀಸುವ ಪದ, ಸೋಬಾನೆ ಪದಗಳನ್ನು ಯಂತ್ರಕ್ಕೆ ಹೇಳಿ ಬರೆಸಬೇಡಿ. ಪದ ಯಾರು ಹಾಡಿದರು, ಯಾವಾಗ ಹಾಡುತ್ತಿದ್ದರು, ಯಾವ ಮಾತಿಗೆ ಏನು ಅರ್ಥ, ನಿಮ್ಮ ಮುನ್ನುಡಿ, ಇವೆಲ್ಲ ಗದ್ಯ. ಪುಸ್ತಕದ ಈ ಭಾಗವನ್ನು ವಾಯ್ಸ್ ಟೈಪಿಂಗ್‌ನಲ್ಲಿ ಧಾರಾಳವಾಗಿ ಮಾಡಿ. ಗದ್ಯಕ್ಕಾಗಿ ಬರಹದ ಕನ್ನಡ ಮಾತಾಡುವುದು ನಿಮಗೇನೂ ಹೊಸದಲ್ಲ, ಜೀವನವಿಡೀ ತರಗತಿಯಲ್ಲಿ ಮಾಡಿದ್ದೀರಿ. ಪದಗಳನ್ನು ಮಾತ್ರ ನೋಟ್‌ಬುಕ್ ನೋಡಿ ಮನೆಯ ಮಕ್ಕಳೋ ನಿಮ್ಮ ಹಳೆಯ ವಿದ್ಯಾರ್ಥಿಗಳೋ ಟೈಪ್ ಮಾಡಲಿ. ನಮ್ಮ ಭಾಗದವರೇ ಆಗಿರಲಿ, ಇಲ್ಲದಿದ್ದರೆ ಅವರೂ ‘ತಿದ್ದಿ’ಬಿಡುತ್ತಾರೆ. ಟೈಪ್ ಆದ ಮೇಲೆ ನೀವು ಬಾಯಿಬಿಟ್ಟು ಹಾಡಿ ನೋಡಿ. ಎಲ್ಲಿ ನಾಲಿಗೆ ತಡೆಯುತ್ತದೋ ಅಲ್ಲಿ ತಪ್ಪಿದೆ.

ಹಾಗೆಯೇ ನಿಮ್ಮ ಧ್ವನಿಯಲ್ಲಿ ಆ ಪದಗಳನ್ನು ರೆಕಾರ್ಡ್ ಮಾಡಿ ಇಡಿ. ಹಾಡುವವರು ಇನ್ನೂ ಇದ್ದರೆ ಅವರ ಒಪ್ಪಿಗೆ ಕೇಳಿ ಅವರ ಧ್ವನಿಯಲ್ಲೂ. ಫೋನಿನ ರೆಕಾರ್ಡರ್ ಸಾಕು. ಪ್ರತಿ ಕಡತಕ್ಕೆ ಊರು, ತಾರೀಕು, ಹಾಡಿದವರ ಹೆಸರು ಕೊಡಿ. ಒಂದು ಪ್ರತಿ ಕಂಪ್ಯೂಟರಿನಲ್ಲಿ, ಇನ್ನೊಂದು ಬೇರೆ ಕಡೆ. ನೋಟ್‌ಬುಕ್ಕಿನಲ್ಲಿ ಪದ ಉಳಿಯುತ್ತದೆ, ಧಾಟಿ ಉಳಿಯುವುದಿಲ್ಲ.

ಉಳಿದದ್ದು ಪ್ರೆಸ್ಸಿನ ಡಬ್ಬಿಗಳು. ಇದರಲ್ಲೂ ನಿಮ್ಮ ತಪ್ಪಿಲ್ಲ. ಡಾಕ್ಸ್‌ನಲ್ಲಿ ಬರುವುದು ಯೂನಿಕೋಡ್ ಕನ್ನಡ. ಅನೇಕ ಡಿಟಿಪಿ ಕೇಂದ್ರಗಳಲ್ಲಿ ಇನ್ನೂ ಪೇಜ್‌ಮೇಕರ್ ಎಂಬ ಪುಟ ಕಟ್ಟುವ ತಂತ್ರಾಂಶದಲ್ಲಿ, ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಆಸ್ಕಿ ಫಾಂಟ್ ಬಳಸುತ್ತಾರೆ. ಆ ಫಾಂಟ್‌ಗಳಲ್ಲಿ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿರುತ್ತಾರೆ. ಯೂನಿಕೋಡ್‌ನಲ್ಲಿ ಕನ್ನಡಕ್ಕೇ ಬೇರೆ ಜಾಗ ಇದೆ. ಒಂದನ್ನು ಇನ್ನೊಂದರಲ್ಲಿ ನೇರವಾಗಿ ಅಂಟಿಸಿದರೆ ಡಬ್ಬಿಯೋ ಪ್ರಶ್ನಾರ್ಥಕ ಚಿಹ್ನೆಯೋ ಕಾಣುತ್ತದೆ. ನಿಮ್ಮ ಕಂಪ್ಯೂಟರಿನಲ್ಲಿ ಫೈಲನ್ನು ವರ್ಡ್‌ನಲ್ಲಿ ತೆರೆದು, ಫಾಂಟ್ ನಿರ್ಮಲ ಯುಐ ಅಥವಾ ತುಂಗಾ ಇಟ್ಟು ನೋಡಿ. ಸರಿ ಕಂಡರೆ ನಿಮ್ಮ ಬರಹ ಸುರಕ್ಷಿತವಾಗಿದೆ. ಪ್ರೆಸ್ಸಿನವರಿಗೆ ‘ಇದು ಯೂನಿಕೋಡ್, ಆಸ್ಕಿಗೆ ಪರಿವರ್ತಿಸಿಕೊಳ್ಳಿ’ ಅಂದರೆ ಸಾಕು, ಪರಿವರ್ತಕ ತಂತ್ರಾಂಶ ಅವರಿಗೆ ಗೊತ್ತಿರುತ್ತದೆ. ಇನ್‌ಡಿಸೈನ್‌ನಲ್ಲಿ ಯೂನಿಕೋಡ್‌ನಲ್ಲೇ ಪುಟ ಕಟ್ಟುವವರು ಸಿಕ್ಕರೆ ಇನ್ನೂ ಒಳ್ಳೆಯದು, ಪರಿವರ್ತನೆಯ ಗೋಜೇ ಇಲ್ಲ.

ವರ್ಡ್ ಫೈಲಿನ ಜೊತೆ ಅದರದೇ ಪಿಡಿಎಫ್ ಕೂಡ ಕೊಡಿ. ಪಿಡಿಎಫ್‌ನಲ್ಲಿ ಅಕ್ಷರ ಇದ್ದ ಹಾಗೇ ಕಾಣುತ್ತವೆ, ಅವರು ಪಕ್ಕದಲ್ಲಿಟ್ಟು ತಾಳೆ ನೋಡಬಹುದು. ಕರಡು ಬಂದಾಗ ಅರ್ಕಾವತ್ತು ಇರುವ ಪದಗಳನ್ನೂ ಎರಡೆರಡು ಒತ್ತಕ್ಷರ ಇರುವ ಪದಗಳನ್ನೂ ಮೊದಲು ನೋಡಿ, ಪರಿವರ್ತನೆಯಲ್ಲಿ ಕೆಡುವುದು ಹೆಚ್ಚಾಗಿ ಅವೇ.

ಇವತ್ತು ಬೇರೇನೂ ಮಾಡಬೇಡಿ. ಇಯರ್‌ಫೋನ್ ಒಮ್ಮೆ, ವೆಬ್‌ಕ್ಯಾಮ್ ಒಮ್ಮೆ ಉಗುರಿನಿಂದ ತಟ್ಟಿ ನೋಡಿ. ನೀಲಿ ಪಟ್ಟಿ ಯಾವುದಕ್ಕೆ ಹಾರಿತು ಅಂತ ನನಗೆ ಬರೆಯಿರಿ. ಎರಡಕ್ಕೂ ಹಾರದಿದ್ದರೆ ಇನ್‌ಪುಟ್ ಕೆಳಗಿರುವ ಹೆಸರನ್ನು ಹಾಗೇ ಬರೆದು ಕಳಿಸಿ, ಮುಂದೇನು ಮಾಡಬೇಕು ಅಂತ ಹೇಳುತ್ತೇನೆ.